ಮೈಕು ಕೊಟ್ಟವಳು ನಾನು

ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಜಲನಗರದ ನಾವು ಆರೇಳು ಮಂದಿ ಸೇರಿ ಮತದಾರರ ವೇದಿಕೆಯೊಂದನ್ನು ಕಟ್ಟಿಕೊಂಡಿದ್ದೆವು. ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಗಳನ್ನು ಚಹಾದಂಗಡಿಗೆ, ಸಂತೆಗೆ ಕರೆತಂದು ಜನರೆದುರು ನಿಲ್ಲಿಸುವುದು ನಮ್ಮ ಕೆಲಸ. ಗಾಂಧಿ ಚೌಕದಲ್ಲಿ ಮಾಡಿದೆವು, ಟಿಕೋಟದಲ್ಲಿ ಮಾಡಿದೆವು. ಎರಡೂ ಕಡೆ ಗಂಡಸರೇ ಮಾತಾಡಿದರು. ಬಬಲೇಶ್ವರದ ಕಡೆಯ ಒಂದು ಸಂತೆಯಲ್ಲಾದರೂ ಹೆಣ್ಣುಮಗಳೊಬ್ಬಳು ಪ್ರಶ್ನೆ ಕೇಳಬೇಕೆಂದು ನಾನು ಹಟ ಹಿಡಿದೆ.

ಆ ಸಂತೆಗೆ ಕಾಖಂಡಕಿಯಿಂದ ಒಬ್ಬಳು ಪೇರಲ ಮಾರಲು ಬರುತ್ತಿದ್ದಳು. ಐವತ್ತರ ಆಸುಪಾಸು, ಗಂಡ ಇರಲಿಲ್ಲ, ಮಾತು ಕಡಿಮೆ. ಅಲ್ಲಿನ ಹೆಂಗಸರ ಶೌಚಾಲಯಕ್ಕೆ ಕಟ್ಟಿದಾಗಿನಿಂದ ಕೀಲಿ ಬಿದ್ದಿರುವುದನ್ನು ನನಗೆ ಹೇಳಿದವಳು ಅವಳೇ.

"ಮುಂಜಾನಿಂದ ನೀರ ಕುಡಿಯಂಗಿಲ್ರಿ ಅಕ್ಕಾರ. ಕುಡದ್ರ ಎಲ್ಲಿಗೆ ಹೋಗೂಣು?"

"ಇದನ್ನ ಅವ್ರ ಮುಂದ ಹೇಳು" ಎಂದೆ. ಒಲ್ಲೆ ಎಂದಳು. ಮೂರು ಸಂತೆ ಅವಳ ಬೆನ್ನು ಹತ್ತಿ ಒಪ್ಪಿಸಿದೆ.

ಅಭ್ಯರ್ಥಿ ಬಂದ ದಿನ ಮೈಕನ್ನು ನಾನೇ ಅವಳ ಕೈಗಿಟ್ಟೆ. ಅವಳು ತಲೆ ತಗ್ಗಿಸಿಯೇ ಕೇಳಿದಳು: "ಸಾಹೇಬ್ರ, ಹೆಂಗಸ್ರ ಸಂಡಾಸಕ್ಕ ಕೀಲಿ ಹಾಕ್ಯಾರ. ತಗಸ್ರಿ."

ಸಾಹೇಬರು ಸುತ್ತ ಒಮ್ಮೆ ನೋಡಿದರು. "ಈಕಿಗೆ ಭಾಳ ಅವಸರ ಆಗೇತಿ ನೋಡ್ರಿ. ತಡಕೋ ಯವ್ವಾ, ಎಲೆಕ್ಷನ್ ಮುಗಿಯೂತನಕ."

ಇಡೀ ಸಂತೆ ನಕ್ಕಿತು. ನಾನೂ ನಕ್ಕೆ. ಸಂಜೆಯೊಳಗೆ ಅದರ ವಿಡಿಯೋ ಎಲ್ಲರ ಮೊಬೈಲಿಗೂ ಹೋಯಿತು. ಅದರಲ್ಲಿ ನನ್ನ ನಗು ಬೇರೆಯಾಗಿ ಕೇಳಿಸುತ್ತದೆ, ಮೈಕಿಗೆ ಅಷ್ಟು ಹತ್ತಿರ ನಿಂತಿದ್ದೆ. ಅವಳಿಗೆ 'ಅವಸರದವ್ವ' ಎಂದು ಹೆಸರು ಬಿತ್ತು. ಪೇರಲ ಆರಿಸುತ್ತಲೇ ಗಂಡಸರು "ಆತೇನಬೇ?" ಎಂದು ಕೇಳುತ್ತಿದ್ದರು. ಅವಳ ಮಗಳ ಅತ್ತೆಮನೆಯವರೂ ವಿಡಿಯೋ ನೋಡಿದರು. ಅವಳು ಸಂತೆಗೆ ಬರುವುದನ್ನು ಬಿಟ್ಟಳು.

ಎದುರಾಳಿಗಳು ಅದೇ ವಿಡಿಯೋ ಹಿಡಿದು ಪ್ರಚಾರಕ್ಕಿಳಿದಾಗ ಸಾಹೇಬರ ಕಡೆಯವರಿಗೆ ಬಿಸಿ ತಟ್ಟಿತು. ಚುನಾವಣೆ ಗೆದ್ದ ಮೇಲೆ ಕೀಲಿ ತೆಗೆಸಿದರು, ಬಣ್ಣ ಬಳಿಸಿದರು. ಅವರ ಸಹಾಯಕ ನನಗೆ ಫೋನ್ ಮಾಡಿದ. "ಅಕ್ಕಾರ, ಆ ಹೆಣ್ಣಮಗಳನ್ನ ಕರಕೊಂಡ ಬರ್ರಿ. ಸಾಹೇಬ್ರು ಸನ್ಮಾನ ಮಾಡ್ತಾರ."

ನನಗೆ ಖುಷಿಯಾಯಿತು. ಅಂದೇ ಕಾಖಂಡಕಿಗೆ ಹೋದೆ.

"ಮತ್ತ ನಗತಾರ್ರಿ" ಎಂದಳು.

"ಯಾರೂ ನಗಂಗಿಲ್ಲ. ನಾ ಇರ್ತೇನಲ್ಲ."

ಇದ್ದುದರಲ್ಲೇ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದಳು. ಶಾಲು ಹೊದಿಸಿದರು, ಟೇಪು ಕತ್ತರಿಸಿದರು. ಆಮೇಲೆ ಆ ಸಹಾಯಕ ಶೌಚಾಲಯದ ಬಾಗಿಲು ತೆರೆದು ಮೊಬೈಲು ಎತ್ತಿ ಹಿಡಿದ. "ಮೊದಲ ನೀನ ಹೋಗಿ ಬಾ ಯವ್ವಾ. ವಿಡಿಯೋ ಆಗ್ಲಿ."

ಸುತ್ತ ನೂರಾರು ಜನ. ಅವಳು ನನ್ನ ಮುಖ ನೋಡಿದಳು. ಮರುವಾರ ಜಲನಗರದ ನಮ್ಮ ಸಭೆಗೆ ಬರಲು ಸಾಹೇಬರು ಒಪ್ಪಿದ್ದರು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿದ್ದುದು ಅದು.

"ಒಂದ ನಿಮಿಷದ ಮಾತು. ಹೋಗಿ ಬಾ" ಎಂದೆ.

ಶಾಲು ಹೊದ್ದುಕೊಂಡೇ ಒಳಗೆ ಹೋದಳು. ಬಾಗಿಲು ಮುಚ್ಚಿತು. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅವಳು ಬೇಗ ಹೊರಬರಲಿಲ್ಲ. ಮೈಕಿನಲ್ಲಿ ಒಬ್ಬ, "ಇನ್ನೂ ಆಗಿಲ್ಲೇನ?" ಎಂದ. ಮತ್ತೆ ನಗು.

ಹೊರಬಂದವಳು ಶಾಲು ಮಡಚಿ ನನ್ನ ಕೈಯಲ್ಲಿಟ್ಟಳು. "ಒಳಗ ಸುಮ್ನ ನಿಂತಿದ್ದೆ, ಅಕ್ಕಾರ" ಎಂದಳು. ನಾವು ಬಂದಿದ್ದ ಕಾರಿಗೂ ಕಾಯದೆ ರಸ್ತೆಯ ಕಡೆ ನಡೆದಳು. ಹಿಂದೆ ಹೋಗಬೇಕೆನ್ನುವಷ್ಟರಲ್ಲಿ ಸಾಹೇಬರು ಗ್ರೂಪ್ ಫೋಟೋಕ್ಕೆ ಕರೆದರು. ಹೋಗಿ ನಿಂತೆ.

ಶೌಚಾಲಯ ಈಗಲೂ ತೆರೆದಿದೆ, ಹೆಂಗಸರು ಬಳಸುತ್ತಾರೆ. ಅವಳು ಮಾತ್ರ ಪೇರಲ ಮಾರುವುದಿಲ್ಲ. ಬೇರೆಯವರ ಹೊಲದಲ್ಲಿ ಕಸ ತೆಗೆಯಲು ಹೋಗುತ್ತಾಳಂತೆ. ಎರಡು ಸಲ ಅವಳ ಮನೆಗೆ ಹೋದೆ. ಮೊದಲ ಸಲ ಬಾಗಿಲು ಹಾಕಿತ್ತು. ಎರಡನೆಯ ಸಲ ಪಕ್ಕದ ಮನೆಯಾಕೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಾ ಕುಳಿತಿದ್ದಳು.

"ಒಳಗ ಅದಾಳ್ರಿ. ನಿಮಗ ಇಲ್ಲ ಅಂತ ಹೇಳಂದಾಳ" ಎಂದು ಮತ್ತೆ ಮೊರದತ್ತ ಬಗ್ಗಿ ಕಲ್ಲು ಹೆಕ್ಕತೊಡಗಿದಳು.