ಡೆಸ್‌ನ ಸುತ್ತು

ನೋಲಾ ಗಂಡನನ್ನು ಬಿಟ್ಟಿದ್ದಕ್ಕೆ ನನ್ನ ಬಾರೇ ಕಾರಣ. ಅವಳ ಗಂಡ ಡೆಸ್ ಕುಡುಕನಲ್ಲ, ಕುಡಿಸುವವನು. ನಮ್ಮ ಕಡೆ ನಾಲ್ಕು ಜನ ಒಂದು ಮೇಜಿಗೆ ಕೂತರೆ ಸರದಿಯಂತೆ ಒಬ್ಬೊಬ್ಬರೂ ಎಲ್ಲರಿಗೂ ಬಿಯರ್ ಕೊಡಿಸಬೇಕು. ಅದಕ್ಕೆ ಸುತ್ತು ಅನ್ನುತ್ತೇವೆ. ಡೆಸ್ ಬೇರೆಯವರ ಸರದಿಯನ್ನೂ ತಾನೇ ಕಿತ್ತುಕೊಳ್ಳುತ್ತಿದ್ದ. ವಾರವೆಲ್ಲ ಕುರಿಗಳ ಉಣ್ಣೆ ಕತ್ತರಿಸಿ ದುಡಿದಿದ್ದು ಶುಕ್ರವಾರ ಸಂಜೆ ಕಂಡವರ ಹೊಟ್ಟೆ ಸೇರುತ್ತಿತ್ತು. ಶಾಲಾ ಬಸ್ಸು ಓಡಿಸಿ ಮನೆ ನಡೆಸುತ್ತಿದ್ದ ನೋಲಾ ಒಂದು ದಿನ ಬಾರಿನ ಬಾಗಿಲಲ್ಲಿ ಬಂದು ನಿಂತಳು.

"ಊರಿಗೆಲ್ಲ ಕೊಡಿಸ್ತೀಯ. ನಂಗೆ ಯಾವತ್ತಾದ್ರೂ ಒಂದು ಲೋಟ ಕೊಡಿಸಿದೀಯೇನೋ?"

ಅಷ್ಟು ಕೇಳಿ ಹೋದವಳು ವಿಚ್ಛೇದನವನ್ನೇ ತೆಗೆದುಕೊಂಡಳು.

ವಯಸ್ಸಾದ ಮೇಲೆ ಡೆಸ್‌ಗೆ ಮರೆವಿನ ಕಾಯಿಲೆ ಹಿಡಿಯಿತು. ಯಾವನೋ ಕಳ್ಳ ಫೋನಿನಲ್ಲಿ ನಯವಾಗಿ ಮಾತಾಡಿ ಅವನ ಉಳಿತಾಯದ ಅರ್ಧ ಎಗರಿಸಿದ. ಅವನ ಹಣ ನೋಡಿಕೊಳ್ಳಲು ಒಬ್ಬರು ಬೇಕು ಎಂದು ನ್ಯಾಯಮಂಡಳಿ ಹೇಳಿದಾಗ ಮುಂದೆ ಬಂದವಳು ಯಾರು? ನೋಲಾ! ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

"ನಗ್ರಪ್ಪಾ, ನಗ್ರಿ. ಅವನ ಜೇಬಲ್ಲಿ ಎಲ್ಲೆಲ್ಲಿ ತೂತು ಅಂತ ನನ್ನಷ್ಟು ಯಾರಿಗ್ರೋ ಗೊತ್ತು?"

ಬಾಡಿಗೆ, ಔಷಧಿ, ಕರೆಂಟು ಎಲ್ಲ ಅವಳೇ ಕಟ್ಟತೊಡಗಿದಳು. ಡೆಸ್ ಕೈಗೆ ಬಿಡಿಗಾಸೂ ಇಲ್ಲ. ನನಗೂ ತಾಕೀತಾಯಿತು: "ವಿಕ್, ಇವನಿಗೆ ಸಾಲ ಕೊಟ್ಯೋ, ನಿನ್ನ ಕಥೆ ಮುಗೀತು."

ಅವಳು ಮಾಡಿದ್ದು ಸರಿಯೇ. ಆದರೆ ಡೆಸ್ ಒಳಗೆ ಬರುವುದನ್ನೇ ಬಿಟ್ಟ. ಶುಕ್ರವಾರ ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದ. ಹೋಗಿ ಕರೆದೆ.

"ಜೇಬಲ್ಲಿ ಏನೂ ಇಲ್ಲ ಕಣೋ. ಸುತ್ತು ಕೊಡಿಸದೆ ಹೆಂಗೆ ಕೂರ್ಲಿ?"

ಸ್ವಂತ ಮನೆ ಯಾವುದೆಂದು ಮರೆತವನಿಗೆ ಅದೊಂದು ನೆನಪಿತ್ತು. ಅವನು ಬೆಂಚಿನ ಮೇಲೆ ಮುದುಡಿ ಕೂತಿದ್ದನ್ನು ನೋಲಾಳೂ ನೋಡಿದಳು. ಮುಂದಿನ ಶುಕ್ರವಾರ ಅವನ ಹಣದಿಂದಲೇ ಒಂದು ನೋಟು ತೆಗೆದು ಅವನ ಅಂಗೈಗೆ ಒತ್ತಿದಳು. ಒಂದೇ ಸುತ್ತು, ಹೆಚ್ಚಿಲ್ಲ. ಅವತ್ತು ಡೆಸ್ ಎದೆ ಸೆಟೆಸಿಕೊಂಡು ಒಳಗೆ ಬಂದ.

ಅವನ ಅಣ್ಣನ ಮಗಳಿಗೆ ಇದು ಸುತರಾಂ ಹಿಡಿಸಲಿಲ್ಲ. ಚಿಕ್ಕಪ್ಪನ ಹಣದಲ್ಲಿ ಊರವರು ಕುಡಿಯುತ್ತಿದ್ದಾರೆ ಎಂದು ದೂರು ಕೊಟ್ಟಳು. ಮಂಡಳಿ ಒಪ್ಪಿದರೆ ಅವನ ಲೆಕ್ಕವೆಲ್ಲ ಪಟ್ಟಣದ ಯಾವುದೋ ಕಚೇರಿಗೆ ಹೋಗುತ್ತಿತ್ತು. ಡೆಸ್‌ಗೆ ಮತ್ತೆ ಬೆಂಚೇ ಗತಿ. ನೋಲಾಳ ಜೊತೆ ನಾನೂ ವಿಚಾರಣೆಗೆ ಹೋದೆ.

"ಬೇರೆಯವರು ಬಿಯರ್ ಕುಡಿದ್ರೆ ಡೆಸ್‌ಗೇನಮ್ಮಾ ಲಾಭ?" ಎಂದು ಅಧ್ಯಕ್ಷೆ ಕೇಳಿದರು. ನ್ಯಾಯವಾದ ಪ್ರಶ್ನೆ.

"ಆ ನೋಟು ಬಿಯರಿಗಲ್ಲ ಮೇಡಂ, ಆ ಮೇಜಲ್ಲಿರೋ ಅವನ ಕುರ್ಚಿಗೆ," ಎಂದಳು ನೋಲಾ. "ಒಂದು ಕಾಲದಲ್ಲಿ ಆ ಕುರ್ಚಿಗೆ ಬೆಂಕಿ ಹಚ್ಬೇಕು ಅನ್ಸಿತ್ತು ನಂಗೆ. ಈಗ ಅವನಿಗೆ ಉಳಿದಿರೋದು ಅದೊಂದೇ."

ವಾರಕ್ಕೊಂದು ಸುತ್ತಿಗೆ ಒಪ್ಪಿಗೆ ಸಿಕ್ಕಿತು, ಹಣವೂ ನೋಲಾಳ ಕೈಯಲ್ಲೇ ಉಳಿಯಿತು.

ಆ ಶುಕ್ರವಾರ ಡೆಸ್‌ನನ್ನು ಮನೆಗೆ ಕರೆದೊಯ್ಯಲು ಅವಳು ಮೂಲೆಯಲ್ಲಿ ಕಾದು ಕೂತಿದ್ದಳು. ಡೆಸ್ ನೋಟು ಹಿಡಿದು ನನ್ನ ಮುಂದೆ ಬಂದ.

"ಎಲ್ರಿಗೂ ಒಂದೊಂದು." ಮೂಲೆಯ ಕಡೆ ಕಣ್ಣು ಕಿರಿದಾಗಿಸಿ ನೋಡಿದ. "ಆ ಹೆಂಗಸಿಗೂ ಒಂದು ಕೊಡೋ ವಿಕ್. ಯಾರೋ ಏನೋ. ಪಾಪ, ಒಬ್ಳೇ ಕೂತಿದಾಳೆ."

ಲೋಟವನ್ನು ಅವಳ ಮುಂದಿಟ್ಟೆ. ಮುಖ ನೋಡುವ ಧೈರ್ಯ ಬರಲಿಲ್ಲ. ವಿಚ್ಛೇದನ ಆದಾಗಿನಿಂದ ಬಿಯರ್ ವಾಸನೆ ಕಂಡರಾಗದ ನೋಲಾ ಅದನ್ನು ಪೂರ್ತಿ ಕುಡಿದಳು. ಬಾಯಿ ಒರೆಸಿಕೊಂಡು, ಕುರ್ಚಿಯನ್ನು ಅವನ ಮೇಜಿಗೆ ಎಳೆದುಕೊಂಡು, ತನ್ನ ಸ್ವಂತ ಪರ್ಸು ಬಿಚ್ಚಿದಳು.

"ಸರಿಯಪ್ಪಾ," ಎಂದಳು, "ಮುಂದಿನ ಸುತ್ತು ನಂದು."