ಅವ್ವನ ಕಾಲಿನ ಅಳತೆ

ರಾಯಚೂರು ಕೋಟೆಯ ಬಾಗಿಲ ಬಳಿ ಜರಿ ಚಪ್ಪಲಿ ಹೊಲಿಯುತ್ತಿದ್ದ ಆ ಮುದುಕನ ಹೆಸರನ್ನು ನಾನು ಕೇಳಲೇ ಇಲ್ಲ. ಅದು ನಲವತ್ತರ ದಶಕ. ನನಗೆ ಶಾಲೆಯಲ್ಲಿ ಕೆಲಸ ಸಿಕ್ಕ ಹೊಸತು. ಊರು ನೋಡಲು ಬಂದವರೆಲ್ಲ ಕೊಂಡೊಯ್ಯುತ್ತಿದ್ದ ಆ ಮಿನುಗುವ ಚಪ್ಪಲಿಯನ್ನು ದೇವದುರ್ಗದಲ್ಲಿದ್ದ ಅವ್ವನಿಗೂ ಒಯ್ಯಬೇಕೆಂದು ಅವನ ಮುಂದೆ ಕುಳಿತೆ. ಯಾರೇ ಬರಲಿ, ಅವನು ಮೊದಲು ಪಾದ ನೋಡುತ್ತಿದ್ದ, ಆಮೇಲೆ ಮುಖ.

“ಅಳತಿ ಎಷ್ಟು?” ಎಂದ. ನಾನು ಗೇಣು ತೋರಿಸಿದೆ. ಕೈಯಲ್ಲಿದ್ದ ಜೋಡನ್ನು ತಿರುಗಿ ಗೂಟಕ್ಕೆ ಹಾಕಿಬಿಟ್ಟ.

“ಕಾಲು ಕಾಣದ ಕೊಡಂಗಿಲ್ಲ ತಮ್ಮಾ. ದಾರ ಹಿಡಿದು ಅಳಕೊಂಡು ಬಾ.” ಎಲ್ಲರಿಗೂ ಅವನದು ಅದೇ ಮಾತು.

ಸಿಟ್ಟು ಬಂತು. ಆದರೂ ಊರಿಗೆ ಹೋದಾಗ ಅವ್ವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. “ಹೊಲಸ ಅದಾವ, ಬಿಡೋ,” ಎಂದು ಎಳೆದುಕೊಂಡಳು. ಕಿರುಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

“ಇದು ಯಾವಾಗ ಆತು?”

“ನೀ ಹೊಟ್ಟ್ಯಾಗಿದ್ದಾಗ. ಕಲ್ಲು ಹೊರಾಕ ಹೋಗಿದ್ದೆ.”

ಇಷ್ಟು ವರ್ಷ ನನಗದು ಗೊತ್ತೇ ಇರಲಿಲ್ಲ.

ರಾಯಚೂರಿಗೆ ಮರಳಿ ಅಳತೆಯ ದಾರ ಕೊಟ್ಟು ಬೆರಳಿನ ಕತೆ ಹೇಳಿದೆ; ಮುದುಕ ಜರಿಯ ಮಾತೇ ಎತ್ತಲಿಲ್ಲ. ಮೆತ್ತನೆಯ ತೊಗಲಿನಲ್ಲಿ, ಆ ಬೆರಳಿಗೆ ಜಾಗ ಬಿಟ್ಟು ಹೊಲಿದುಕೊಟ್ಟ. ಅದುವರೆಗೆ ಬರಿಗಾಲಲ್ಲೇ ಓಡಾಡಿದ್ದ ಅವ್ವ, ಅದನ್ನು ಮೆಟ್ಟಿಕೊಂಡು ಮಾನ್ವಿಯಲ್ಲಿದ್ದ ನನ್ನ ಅಕ್ಕನ ಮನೆಗೆ ಹೊರಟಾಗ, ಮೊದಲ ಸಲ ನೆರಳು ಹುಡುಕದೆ, ಸುಡುವ ದಾರಿಯ ನಡುವೆಯೇ ನಡೆದಳು. ಹಿಂದೆ ಬರುತ್ತಿದ್ದ ನಾನು ಮನಸ್ಸಿನಲ್ಲೇ ಅವನಿಗೆ ಕೈಮುಗಿದೆ.