ಮಳಖೇಡದ ಹೊಸ ಕೋಣೆಯ ಬಳೆಸದ್ದು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು ಎಂದು ನಾನು ಜಾರಿಕೊಳ್ಳುವುದಿಲ್ಲ. ಇದು ನಡೆದದ್ದು. ಆ ರಾತ್ರಿ ಬಟ್ಟೆಗೆ ಗಂಟು ಹಾಕಿದ್ದು ನನ್ನವೇ ಕೈಗಳು.

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಹೆಚ್ಚು ವರ್ಷಗಳಾಗಿರಲಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿ ಮುಗಿಸಿದ್ದ ನಾನು ನಮ್ಮ ಸೀಮೆಯ ಹಳೆಯ ಜಾಗಗಳನ್ನು ಕಣ್ಣಾರೆ ನೋಡಲು ಹೊರಟಿದ್ದೆ. ವಾಡಿಯಲ್ಲಿ ರೈಲು ಬದಲಿಸಿ, ಚಿತ್ತಾಪುರದಲ್ಲಿಳಿದು ನಾಗಾವಿಯ ಗುಡಿಗಳನ್ನು ನೋಡಿದೆ. ಒಂದು ಕಂಬಕ್ಕೆ ಎಮ್ಮೆ ಕಟ್ಟಿದ್ದರು. ಮರುದಿನ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. ಅಲ್ಲಿ ರಸ್ತೆ ಗುತ್ತಿಗೆದಾರನ ಆಳುಗಳು ಕೋಟೆಯ ಬುಡದ ಹಳೆಯ ಕಲ್ಲುಗಳನ್ನು ಹಾರೆಯಿಂದ ಮೀಟಿ ಬಂಡಿಗೆ ಹೇರುತ್ತಿದ್ದರು. ಯಾರ ಅಪ್ಪಣೆ ಎಂದು ಕೇಳಿದೆ. ನಕ್ಕರು.

ರಾತ್ರಿ ತಂಗಲು ಅದೇ ಊರಿನಲ್ಲಿ ಅಕ್ಕ ಸುಮಿತ್ರೆಯ ಮನೆಯಿತ್ತು. ಭಾವ ಶಾಲಾ ಮಾಸ್ತರರು. ಅಕ್ಕನಿಗೆ ಏಳು ತಿಂಗಳು. ಸೀಮಂತದ ಕುಬಸವಾಗಿ ಎರಡೂ ಕೈತುಂಬ ಹಸಿರು ಬಳೆ. ಆದರೆ ಮುಖ... ವಾರಗಟ್ಟಲೆ ನಿದ್ದೆ ಕಾಣದವರ ಮುಖ.

ಕೂಸು ಬರುತ್ತದೆಂದು ಭಾವ ಹೊಸದಾಗಿ ಕಟ್ಟಿಸಿದ ಕೋಣೆಯಲ್ಲಿ, ರಾತ್ರಿ ನೆಲದೊಳಗಿಂದ ಬಳೆಯ ಸದ್ದು ಕೇಳುತ್ತದೆ ಎನ್ನುತ್ತಿದ್ದಳು ಅಕ್ಕ. ನಿನ್ನ ಬಳೆಯದೇ ಸದ್ದು ಎನ್ನುತ್ತಿದ್ದರು ಆಕೆಯ ಅತ್ತೆ. ಬಸುರಿ ಬಳೆ ಕಳಚುವಂತಿಲ್ಲ. ಹಾಗಾಗಿ ಯಾರ ಮಾತು ನಿಜವೆಂದು ತಿಳಿಯುವ ದಾರಿಯೂ ಇರಲಿಲ್ಲ. ಬೆಳಗಾದರೆ ಅಕ್ಕನನ್ನು ಗಾಳಿ ಬಿಡಿಸುವವನ ಬಳಿಗೆ ಒಯ್ಯುವುದೆಂದು ಅತ್ತೆ ನಿಶ್ಚಯಿಸಿದ್ದರು. ಆತ ಬಸುರಿಯೆಂದೂ ನೋಡದೆ ಬೇವಿನ ಬರಲಿನಿಂದ ಬಡಿಯುವವನು.

ಕೂಡದು ಎಂದೆ. ಅತ್ತೆ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

"ಕೈಯಾಗ ಒಂದ್ ಬಳಿ ಇಲ್ಲ. ಬಳಿ ಸಪ್ಪಳ ನಿನಗೇನ್ ಗೊತ್ತವ್ವಾ?"

ಈ ರಾತ್ರಿ ಅಕ್ಕನ ಜೊತೆ ನಾನು ಮಲಗುತ್ತೇನೆ, ಸದ್ದು ನನಗೂ ಕೇಳಿದರೆ ಆಕೆಯನ್ನು ಎಲ್ಲಿಗೂ ಒಯ್ಯಬಾರದು ಎಂದು ಹಟ ಹಿಡಿದು ಒಪ್ಪಿಸಿದೆ.

ಭಾವನ ಹಳೆಯ ಧೋತರದ ಕೆಂಪು ಅಂಚನ್ನು ಎರಡು ಪಟ್ಟಿಯಾಗಿ ಹರಿದು, ಅಕ್ಕನ ಎರಡೂ ಕೈಗಳ ಬಳೆಗಳು ಮಿಸುಕದಂತೆ ಸುತ್ತಿ, ಗಂಟು ಬಿಗಿದೆ.

"ಭಾಳ ಬಿಗಿ ಆತೇನಕ್ಕಾ?"

"ಆಗ್ಲಿ ಬಿಡು. ನಾ ಹುಚ್ಚಿ ಅಲ್ಲಂತ ಒಬ್ಬಾಕಿಗರೆ ಗೊತ್ತಾಗ್ಲಿ."

ಕಂದೀಲು ಸಣ್ಣದು ಮಾಡಿದೆ. ಹೊಸ ಸುಣ್ಣದ ವಾಸನೆ. ಕಾಗಿಣಾ ಹೊಳೆಯ ಕಡೆ ನಾಯಿಯೊಂದು ಬೊಗಳುತ್ತಿತ್ತು... ಆಮೇಲೆ ಅದೂ ಸುಮ್ಮನಾಯಿತು.

ಮೊದಲು ಬಂದದ್ದು ಅರಿಸಿನದ ವಾಸನೆ. ಆಗತಾನೇ ಅರೆದ ಹಸಿ ಅರಿಸಿನ.

ಆಮೇಲೆ... ಕಿಣಿ.

ಅಕ್ಕನ ಎರಡೂ ಕೈಗಳು ನನ್ನ ಕೈಯೊಳಗಿದ್ದವು. ಬಟ್ಟೆ ಸುತ್ತಿದ ಬಳೆಗಳು ಮೂಕವಾಗಿದ್ದವು. ಆದರೂ ಕಿಣಿ... ಕಿಣಿ... ಯಾರೋ ಕೈಯೆತ್ತಿ, ಇಳಿಸಿ, ಮತ್ತೆ ಎತ್ತುವಂತೆ. ತೆವಳುತ್ತ ಹೋಗಿ ನೆಲಕ್ಕೆ ಕಿವಿಯಿಟ್ಟೆ. ಬಾಗಿಲ ಬಳಿಯ ಉದ್ದನೆಯ ಹಾಸುಗಲ್ಲಿನ ಕೆಳಗಿಂದ ಬರುತ್ತಿತ್ತು. ಉಳಿದ ಕಲ್ಲುಗಳೆಲ್ಲ ತಣ್ಣಗಿದ್ದವು. ಅದೊಂದು ಬೆಚ್ಚಗಿತ್ತು.

"ಕೇಳ್ಸಾಕತ್ತದಿಲ್ಲ?" ಅಕ್ಕ ಪಿಸುಗುಟ್ಟಿದಳು.

"ಹೂಂ."

ಆಕೆ ಅತ್ತಳು, ಹಗುರವಾಗಿ. ಅಳುತ್ತಲೇ ನಿದ್ದೆ ಹೋದಳು. ನಾನು ಗೋಡೆಗೊರಗಿ ಕೂತೇ ಇದ್ದೆ. ಬೆಳಕು ಹರಿಯುವ ಮುನ್ನ ಸದ್ದು ಒಮ್ಮೆಲೇ ನಿಂತಿತು... ಯಾರೋ ಅದುಮಿ ಹಿಡಿದಂತೆ.

ಬೆಳಗ್ಗೆ ಅಕ್ಕನ ಬಲಗೈಯಲ್ಲಿ ಪಟ್ಟಿ ಇರಲಿಲ್ಲ. ಬಳೆ ಒಂದೂ ಒಡೆದಿರಲಿಲ್ಲ. ಹಾಸಿಗೆ ಕೊಡವಿದೆ, ಮೂಲೆ ಮೂಲೆ ಹುಡುಕಿದೆ. ಸಿಗಲಿಲ್ಲ.

ಆ ಕಲ್ಲು ಎಲ್ಲಿಯದೆಂದು ಭಾವನನ್ನು ಕೇಳಿದೆ. ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಒಂದು ಕಡಿಮೆ ಬಿದ್ದಿತ್ತಂತೆ. ಅದೇ ಗುತ್ತಿಗೆದಾರನ ಬಂಡಿಯಿಂದ ಇಳಿಸಿಕೊಂಡರಂತೆ. ಚಪ್ಪಟೆ ಮೈ ಮೇಲೆ ಮಾಡಿ ಗೌಂಡಿ ಕೂರಿಸಿದನಂತೆ.

"ಇನ್ನೊಂದು ಮೈ?"

"ಉಬ್ಬು ತಗ್ಗು ಇತ್ತವಾ. ಕೆಳಗ ಹೋಗೂದು, ಯಾರ್ ನೋಡ್ತಾರ?"

ಹಾರೆ ತರಿಸಿ ಮೀಟಿಸಿದೆ. ಗಾರೆ ಒಡೆದು, ಕಲ್ಲು ನಿಧಾನವಾಗಿ ಮಗುಚಿಕೊಂಡಿತು. ಮಣ್ಣು ಮೆತ್ತಿದ ಒಂದು ಕಂಬದ ಕೆತ್ತನೆ. ಕಂಬದಿಂದ ಹೊರಚಾಚಿ ಮೇಲೆತ್ತಿದ ಒಂದು ಕೈ. ಮಣಿಕಟ್ಟಿನಿಂದ ಮೊಣಕೈವರೆಗೂ ಬಳೆ. ಗಂಡನ ಚಿತೆಯಲ್ಲಿ ಬೆಂದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಗಲ್ಲು.

ಆ ಕಲ್ಲಿನ ಬಳೆಗಳ ಮೇಲೆ ಕೆಂಪಂಚಿನ ಪಟ್ಟಿ ಅಂಟಿಕೊಂಡಿತ್ತು. ನಾನು ಹಾಕಿದ ಗಂಟು ಬಿಚ್ಚಿರಲಿಲ್ಲ.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ, ಅರಿಸಿನ ಕುಂಕುಮದ ಬಟ್ಟಲು ಹಿಡಿದು ಬಂದರು. ಗಾಳಿ ಬಿಡಿಸುವವನ ಮಾತು ಮತ್ತೆ ಬರಲಿಲ್ಲ. ಕಲ್ಲನ್ನು ಕೋಟೆಯ ಬಾಗಿಲ ಬಳಿ ನೆಟ್ಟಗೆ ನಿಲ್ಲಿಸಿದೆವು. ಅಂದಿನಿಂದ ಅಕ್ಕ ನಿದ್ದೆ ಮಾಡಿದಳು.

ನಿದ್ದೆಗೆಟ್ಟವಳು ನಾನು. ಉಳಿದ ಬಂಡಿಗಳು ಎಲ್ಲಿಗೆ ಹೋದವೆಂದು ಗುತ್ತಿಗೆದಾರನನ್ನು ಹುಡುಕಿಕೊಂಡು ಹೋಗಿ ಕೇಳಿದೆ. ರಸ್ತೆಗೆ, ಮೋರಿಗೆ, ಮನೆಗಳಿಗೆ ಎಂದ; ಯಾರ ಮನೆಗೆಂದು ಯಾರು ನೆನಪಿಡುತ್ತಾರೆ ಎಂದ. ಆ ಪಟ್ಟಿ ನೆಲದಡಿ ಹೇಗೆ ಹೋಯಿತೆಂದು ನಾನು ಯಾರನ್ನೂ ಕೇಳುತ್ತಿಲ್ಲ. ಆದರೆ ಆ ಹೆಣ್ಣನ್ನು ಬದುಕಿದ್ದಾಗ ಸುಟ್ಟು, ಸತ್ತ ಮೇಲೆ ಬೋರಲು ಕೆಡವಿ ತುಳಿದದ್ದಕ್ಕೆ ಹೊಣೆ ಯಾರು? ಕೋಟೆಗೆ ಕಾವಲಿರಬೇಕಾದವರು ಅಂದು ಎಲ್ಲಿದ್ದರು? ಇದಕ್ಕೆ ನನಗೆ ಉತ್ತರ ಬೇಕು.

ಈಗ ಗುಲಬರ್ಗಾದಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿದ್ದೇನೆ. ನೆಲಕ್ಕೆ ಕಲ್ಲು ಹಾಸಿದ್ದಾರೆ. ಮೂಲೆಯದೊಂದು ಉಳಿದವುಗಳಂತಿಲ್ಲ, ಬರಿಗಾಲಿಟ್ಟರೆ ಬೆಚ್ಚಗೆ...

ಈಗೀಗ ರಾತ್ರಿ ಸದ್ದಾದಾಗ ಮೊದಲು ನನ್ನ ಕೈಗಳನ್ನೇ ನೋಡಿಕೊಳ್ಳುತ್ತೇನೆ. ಅತ್ತೆ ಅಂದದ್ದು ಸರಿ. ನಾನು ಬಳೆ ತೊಡುವುದಿಲ್ಲ.